ಇಂಚು ಮಳೆಯ ಲೆಕ್ಕ ಮತ್ತು ಕೊಡಗಿನ ಗುಡ್ಡಗಳು

ಕೊಡಗಿನಲ್ಲಿ ನಾವು ಮಳೆಯನ್ನು ಇಂಚಿನಲ್ಲಿ ಅಳೆಯುತ್ತೇವೆ. ಹವಾಮಾನ ಇಲಾಖೆಯವರು ಮಿಲಿಮೀಟರ್ ಅನ್ನಲಿ, ಟಿವಿಯವರು ಸೆಂಟಿಮೀಟರ್ ಅನ್ನಲಿ, ತೋಟದವರ ಬಾಯಲ್ಲಿ ಇಂಚು, ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟು, ಅಷ್ಟೇ. ‘ನಿಮ್ಮಲ್ಲಿ ಎಷ್ಟಾಯ್ತು?’ ‘4 ಇಂಚು 20 ಸೆಂಟು.’ ಮಳೆಗಾಲದಲ್ಲಿ ಬೆಳಗಿನ ಫೋನ್ ಮಾತು ಶುರುವಾಗುವುದೇ ಹೀಗೆ, ಅಲ್ವಾ? ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಮಳೆ ಮಾಪಕ ಇದೆ, ಸ್ವಲ್ಪ ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಅಜ್ಜನ ಕಾಲದ ಮಳೆ ಪುಸ್ತಕವನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡವರೂ ಇದ್ದೀರಿ.

ಈ ಪುಸ್ತಕವನ್ನು ನಾವು ಬರೆಯುವುದು ಕಾಫಿ ಹೂ ಅರಳಿಸುವ ಹೂಮಳೆಯ ಲೆಕ್ಕಕ್ಕೆ, ಅದಾದ ಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಯ ಲೆಕ್ಕಕ್ಕೆ. ಫಸಲು ಎಷ್ಟು ಬರಬಹುದು ಅಂತ ಅಂದಾಜು ಮಾಡುವುದಕ್ಕೆ. ಅದೇ ಪುಸ್ತಕ ಗುಡ್ಡ ಜರಿಯುವ ಜುಲೈ, ಆಗಸ್ಟ್‌ನಲ್ಲಿ ಜೀವ ಉಳಿಸಬಲ್ಲದು ಅಂತ ನಾನು ನಂಬಿದ್ದೇನೆ. ಇವತ್ತು ಅದನ್ನೇ ಹೇಳಬೇಕೆಂದು ಬಂದೆ.

ಮೊದಲು ಒಂದು ಲೆಕ್ಕ ಮಾಡೋಣ. ಒಂದು ಎಕರೆ ಮೇಲೆ 1 ಇಂಚು ಮಳೆ ಬಿದ್ದರೆ ಎಷ್ಟು ನೀರು? 1 ಲಕ್ಷ ಲೀಟರಿಗಿಂತ ಸ್ವಲ್ಪ ಜಾಸ್ತಿ. ತೂಕದಲ್ಲಿ ನೂರು ಟನ್ನಿಗೂ ಮೇಲೆ. ಒಂದು ದಿನ 10 ಇಂಚು ಹೊಡೆದರೆ ಎಕರೆಗೆ 1,000 ಟನ್ ದಾಟುತ್ತದೆ. ನಿಮ್ಮದು 10 ಎಕರೆ ಇಳಿಜಾರು ತೋಟವಾದರೆ ಒಂದೇ ದಿನದಲ್ಲಿ 10,000 ಟನ್ ನೀರು ಆ ಇಳಿಜಾರಿನ ಮೇಲೆ ಬಂದು ಕೂತ ಹಾಗೆ. ಪುಸ್ತಕದಲ್ಲಿ ಸುಮ್ನೆ ‘10.00’ ಅಂತ ಬರೆದು ಮುಚ್ಚುತ್ತೇವೆ. ಗುಡ್ಡಕ್ಕೆ ಆ ಅಂಕಿಯ ಭಾರ ಎಷ್ಟು ಅಂತ ಒಮ್ಮೆ ಯೋಚಿಸಿ.

ಆ ನೀರು ಎಲ್ಲಿಗೆ ಹೋಗುತ್ತದೆ? ಒಂದಷ್ಟು ಮೇಲೆಯೇ ಹರಿದು ತೋಡು, ಅಂದರೆ ಸಣ್ಣ ಹಳ್ಳ, ಸೇರುತ್ತದೆ. ಒಂದಷ್ಟು ಮಣ್ಣಿಗಿಳಿಯುತ್ತದೆ. ನಮ್ಮ ಗುಡ್ಡಗಳು ಬುಡದಿಂದ ತುದಿತನಕ ಬಂಡೆಯಲ್ಲ. ಅಡಿಯಲ್ಲಿ ಗಟ್ಟಿ ಬಂಡೆ. ಅದರ ಮೇಲೆ ಯುಗಗಳಿಂದ ಮಳೆ ಬಿಸಿಲಿಗೆ ಸಿಕ್ಕಿ ಮೆತ್ತಗಾದ ಕಲ್ಲು. ಅದರ ಮೇಲೆ ಮಣ್ಣು. ಇಳಿದ ನೀರು ಬಂಡೆಯ ಹತ್ತಿರ ಬಂದು ತಡೆಯುತ್ತದೆ. ದಾರಿ ಇದ್ದರೆ ಒರತೆಯಾಗಿ ಹೊರಗೆ ಬರುತ್ತದೆ. ಹೊರಗೆ ಹೋಗುವುದಕ್ಕಿಂತ ಒಳಗೆ ಬರುವುದೇ ಜಾಸ್ತಿಯಾದರೆ ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರುತ್ತದೆ. ಒಂದು ಕಣಕ್ಕೂ ಇನ್ನೊಂದಕ್ಕೂ ಇದ್ದ ಹಿಡಿತ ಸಡಿಲವಾಗುತ್ತದೆ. ಭಾರ ಮಾತ್ರ ಏರುತ್ತಲೇ ಹೋಗುತ್ತದೆ. ಕೊನೆಗೆ ಒಂದು ಗಳಿಗೆಯಲ್ಲಿ ಇಡೀ ಪದರ ಬಂಡೆಯನ್ನು ಬಿಟ್ಟು ಜಾರುತ್ತದೆ. ಗುಡ್ಡದೊಳಗಿಂದ ಕೆಸರು ನೀರು ಚಿಮ್ಮಿದ್ದನ್ನು 2018ರಲ್ಲಿ ಕಣ್ಣಾರೆ ಕಂಡವರು ನಿಮ್ಮಲ್ಲಿ ಇದ್ದೀರಿ. ಜಲಸ್ಫೋಟ ಅಂತ ಆಗ ಎಲ್ಲರೂ ಹೇಳುತ್ತಿದ್ದದ್ದು ಈ ಒತ್ತಡ ಹೊರಬಂದದ್ದನ್ನೇ.

ಆ ವರ್ಷದ ಆಗಸ್ಟ್ 15, 16, 17ನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. ಜೋಡುಪಾಲ, ಎರಡನೇ ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ, ತಂತಿಪಾಲ, ಎಲ್ಲ ಕಡೆ ಗುಡ್ಡ ಜರಿಯಿತು. ಸುಮಾರು 20 ಜನರನ್ನು ಕಳೆದುಕೊಂಡೆವು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಉಳಿದರು. ಮಂಗಳೂರು ರಸ್ತೆ ಹಲವು ಕಡೆ ಕೊಚ್ಚಿಹೋಯಿತು. ಆದರೆ ಆ ಮೂರು ದಿನದ ಮಳೆಯನ್ನಷ್ಟೇ ನೋಡಿದರೆ ಅರ್ಧ ಕಥೆ ಮಾತ್ರ ತಿಳಿಯುತ್ತದೆ. ಆ ಸಲ ಹಾರಂಗಿ ಜಲಾಶಯ ಜುಲೈನಲ್ಲೇ ತುಂಬಿತ್ತು. ಅಂದರೆ ಗುಡ್ಡಗಳೂ ಆಗಲೇ ತುಂಬಿದ್ದವು. ಆಗಸ್ಟ್‌ನ ಮಳೆ ಬಂದಾಗ ಒಳಗೆ ಜಾಗವೇ ಉಳಿದಿರಲಿಲ್ಲ. ನಿಮ್ಮ ಹತ್ತಿರ 2018ರ ಪುಸ್ತಕ ಇದ್ದರೆ ಮನೆಗೆ ಹೋಗಿ ತೆಗೆದು ನೋಡಿ. ಜೂನ್ 1ರಿಂದ ಆಗಸ್ಟ್ 14ರವರೆಗೆ ಕೂಡಿಸಿ. ಆಮೇಲೆ ಅದೇ ಅವಧಿಯನ್ನು 2016, 2017ರ ಜೊತೆ ಹೋಲಿಸಿ. ಗುಡ್ಡ ಎಷ್ಟು ಮೊದಲೇ ತುಂಬಿಕೊಂಡಿತ್ತು ಅನ್ನುವುದು ಅಂಕಿಯಲ್ಲೇ ಕಾಣುತ್ತದೆ.

ಜರಿಯುವ ಮುಂಚೆ ಗುಡ್ಡ ಸುಳಿವು ಕೊಡುತ್ತದೆ. ಎಲ್ಲಾ ಸಲವೂ ಅಲ್ಲ. ಬಹಳ ಸಲ ಕೊಡುತ್ತದೆ. ಕಾಫಿ ಗಿಡಗಳ ನಡುವೆ ನೆಲ ಅರ್ಧಚಂದ್ರದ ಹಾಗೆ ಬಿರುಕು ಬಿಡುತ್ತದೆ. ನೆಟ್ಟಗಿದ್ದ ಸಿಲ್ವರ್ ಓಕ್, ಕರೆಂಟ್ ಕಂಬ ವಾಲುತ್ತದೆ. ಯಾವತ್ತೂ ನೀರಿಲ್ಲದ ಕಡೆ ಒರತೆ ಹುಟ್ಟುತ್ತದೆ. ತಿಳಿಯಾಗಿದ್ದ ಒರತೆ ಕೆಂಪಾಗುತ್ತದೆ. ಮನೆಯ ಬಾಗಿಲು ಇದ್ದಕ್ಕಿದ್ದ ಹಾಗೆ ಹಾಕಲು ಬರುವುದಿಲ್ಲ, ಗೋಡೆಯಲ್ಲಿ ಓರೆ ಬಿರುಕು ಬೀಳುತ್ತದೆ. ಎಲ್ಲಕ್ಕಿಂತ ಭಯ ಪಡಬೇಕಾದದ್ದು ಒಂದಿದೆ. ಜೋರು ಮಳೆ ಬರುತ್ತಿರುವಾಗ ತೋಡಿನ ನೀರು ಫಕ್ಕನೆ ಕಡಿಮೆಯಾದರೆ ನೀರು ಇಳಿಯಿತು ಅಂತ ಸಮಾಧಾನ ಪಡಬೇಡಿ. ಮೇಲೆ ಎಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿ ನಿಂತಿದೆ. ಅದು ಒಡೆದುಕೊಂಡು ಬರುವಾಗ ಓಡಲು ಸಮಯ ಸಿಗುವುದಿಲ್ಲ. ಆ ಕ್ಷಣವೇ ತೋಡಿನ ದಾರಿ ಬಿಟ್ಟು ಪಕ್ಕದ ಎತ್ತರಕ್ಕೆ ಹೋಗಬೇಕು. ಹಸು, ಗ್ಯಾಸ್, ಕಾಗದಪತ್ರ ಯಾವುದಕ್ಕೂ ತಿರುಗಿ ಹೋಗಬಾರದು.

ಇಲ್ಲಿ ಒಂದು ಮಾತು. ಎಲ್ಲಿ ಹೋದರೂ ಭೂಕಂಪದಿಂದಲೇ ಗುಡ್ಡ ಜರಿಯಿತೇ ಅನ್ನುವ ಪ್ರಶ್ನೆ ಬರುತ್ತದೆ. 2018ರ ಜುಲೈ 9ರಂದು ಇಲ್ಲಿ ಸಣ್ಣ ಕಂಪನ ಆದದ್ದು ನಿಜ. 2022ರಲ್ಲಿ ಚೆಂಬು, ಸಂಪಾಜೆ, ಕರಿಕೆ ಕಡೆ ನೆಲ ಮತ್ತೆ ಮತ್ತೆ ಅಲುಗಿದ್ದೂ ನಿಜ. ಜನ ಹೆದರಿದ್ದು ಸಹಜ. ಆದರೆ 2018ರ ನಂತರ ಇಲ್ಲಿ ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬೆರಳು ತೋರಿಸಿದ್ದು ವಿಪರೀತ ಮಳೆಯ ಕಡೆಗೆ, ಇಳಿಜಾರನ್ನು ಮನುಷ್ಯರು ಬದಲಾಯಿಸಿದ್ದರ ಕಡೆಗೆ, ನೀರು ಹರಿಯುವ ಸಹಜ ದಾರಿ ಮುಚ್ಚಿದ್ದರ ಕಡೆಗೆ. ಭೂಕಂಪವೂ ಮಳೆಯೂ ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ಕಾರಣ ನಮ್ಮ ಕೈಯಲ್ಲೇ ಇವೆ. ನಮ್ಮ ಗಮನ ಅಲ್ಲಿರಲಿ.

ಇಳಿಜಾರನ್ನು ಬದಲಾಯಿಸುವುದು ಅಂದರೆ ಏನು? ಗುಡ್ಡದ ಬುಡ ಮೇಲಿನ ಮಣ್ಣಿಗೆಲ್ಲ ಆಧಾರ. ಆ ಬುಡವನ್ನೇ ಜೆಸಿಬಿಯಲ್ಲಿ ನೇರ ಗೋಡೆಯ ಹಾಗೆ ಕಡಿದು, ಸಿಕ್ಕಿದ ಮಣ್ಣನ್ನು ಎದುರಿನ ಇಳುಕಲಿಗೆ ತಳ್ಳಿ, ಸಮತಟ್ಟು ಮಾಡಿ ಮನೆ ಕಟ್ಟುತ್ತೇವೆ. ಹಿಂದೆ ಆಧಾರ ಹೋಯಿತು. ಮುಂದೆ ಹೊಸ ಮಣ್ಣಿನ ಮೇಲೆ ಮನೆ ಕೂತಿತು. ಎರಡೂ ಕಡೆ ಅಪಾಯ. ರಸ್ತೆಗೂ ಇದೇ ಕಥೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜರಿದು ರಸ್ತೆಯಲ್ಲಿದ್ದವರನ್ನೂ ಗಂಗಾವಳಿ ನದಿಗೆ ತಳ್ಳಿತಲ್ಲ, ಅಲ್ಲೂ ಹೆದ್ದಾರಿಗಾಗಿ ಗುಡ್ಡ ಕಡಿಯಲಾಗಿತ್ತು. ಅದೇ ತಿಂಗಳು ನಮ್ಮ ಮದೆನಾಡಿನ ಕರ್ತೋಜಿ ಬಳಿ ಗುಡ್ಡ ಜರಿಯುವ ಭಯದಿಂದ ರಾತ್ರಿ ವಾಹನ ಸಂಚಾರ ನಿಲ್ಲಿಸಿದ್ದರು. ಹಲವರಿಗೆ ತೊಂದರೆಯಾಯಿತು, ಸಿಟ್ಟೂ ಬಂತು. ನನಗೆ ಅದು ಸರಿಯಾದ ನಿರ್ಧಾರ ಅನ್ನಿಸಿತು.

ನಮ್ಮ ಐನ್‌ಮನೆಗಳನ್ನು, ಅಂದರೆ ಕುಟುಂಬದ ಮೂಲ ಮನೆಗಳನ್ನು, ಒಮ್ಮೆ ಗಮನಿಸಿ. ಸಾಮಾನ್ಯವಾಗಿ ಗದ್ದೆ ಬಯಲಿಗೆ ಮುಖ ಮಾಡಿ, ಸ್ವಲ್ಪ ಎತ್ತರದ, ಸೌಮ್ಯ ಇಳಿಜಾರಿನ ಜಾಗದಲ್ಲಿ ಇರುತ್ತವೆ. ಹೊಳೆಯ ಪಾತ್ರದಲ್ಲಿ ಇರುವುದಿಲ್ಲ, ಕಡಿದಾದ ಬರೆಯ, ಅಂದರೆ ನೆಟ್ಟಗೆ ನಿಂತ ಮಣ್ಣಿನ ದಂಡೆಯ, ಬುಡದಲ್ಲೂ ಇರುವುದಿಲ್ಲ. ಆಗ ಜಾಗ ಬೇಕಾದಷ್ಟಿತ್ತು, ಆರಿಸಿಕೊಳ್ಳಬಹುದಿತ್ತು. ಇವತ್ತು ಆ ಆಯ್ಕೆ ಎಲ್ಲರಿಗೂ ಇಲ್ಲ. ಪೈಸಾರಿ ಜಾಗದಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ, ಎರಡು ಸೆಂಟು, ಮೂರು ಸೆಂಟು ನೆಲ ಸಿಕ್ಕಿದರೆ ಸಾಕು ಅನ್ನುವ ಕೂಲಿ ಕುಟುಂಬಕ್ಕೆ ಸಿಗುವುದು ಬರೆಯ ಬುಡ, ಇಲ್ಲವೇ ಹೊಳೆಯ ದಡ. ಅವರಿಗೆ ‘ಅಲ್ಲಿ ಯಾಕೆ ಕಟ್ಟಿದಿರಿ?’ ಅಂತ ಕೇಳುವುದು ಅನ್ಯಾಯ. ನೋಟಕ್ಕೆ ಚೆನ್ನಾಗಿದೆ ಅಂತ ಗುಡ್ಡದ ನೆತ್ತಿ ಕಡಿದು ರೆಸಾರ್ಟ್ ಕಟ್ಟುವವರಿಗೆ ಆ ಪ್ರಶ್ನೆ ಕೇಳಬೇಕು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗಂತ ಎಲ್ಲಾ ಕುಸಿತಕ್ಕೂ ಜೆಸಿಬಿಯೇ ಕಾರಣ ಅನ್ನುವುದೂ ಸರಿಯಲ್ಲ. ಜೆಸಿಬಿ ಮುಟ್ಟದ ತೋಟ, ಕಾಡು ಕೂಡ ಜರಿದಿವೆ. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಮನೆಗಳ ಮೇಲೆಯೇ ಗುಡ್ಡ ಬಂತು. ಕೆಲವರ ದೇಹ ಕೊನೆಗೂ ಸಿಗಲಿಲ್ಲ. ಭಾಗಮಂಡಲ ಹತ್ತಿರದ ಕೋರಂಗಾಲದಲ್ಲೂ ಅದೇ ಹೊತ್ತಿಗೆ ಸಾವಾಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜರಿದು ಪ್ರಧಾನ ಅರ್ಚಕರ ಮನೆಯನ್ನೇ ಮುಚ್ಚಿತು. 5 ಜನ ಮಣ್ಣಿನಡಿ ಸಿಲುಕಿದರು. ಮೂರು ವರ್ಷ, ಮೂರು ಆಗಸ್ಟ್.

ತಲಕಾವೇರಿಯ ದುರಂತದ ನಂತರ ಬೆಟ್ಟದ ಮೇಲೆ ತೋಡಿದ್ದ ಇಂಗುಗುಂಡಿಗಳ ಬಗ್ಗೆ ದೊಡ್ಡ ಚರ್ಚೆಯಾಯಿತು. ಅದು ನಮ್ಮ ತೋಟಕ್ಕೂ ಸಂಬಂಧಪಟ್ಟದ್ದು, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ನೀರಿಂಗಿಸಿ ಅಂತ ವರ್ಷಗಳಿಂದ ಹೇಳಿಸಿಕೊಂಡು ಬಂದಿದ್ದೇವೆ. ಬಯಲುಸೀಮೆಗೆ ಆ ಮಾತು ಸರಿ. ಸೋಮವಾರಪೇಟೆ, ಕುಶಾಲನಗರದ ಮಳೆ ಕಡಿಮೆ ಇರುವ, ಇಳಿಜಾರು ಕಮ್ಮಿ ಇರುವ ಕಡೆಗೂ ಸರಿ. ನೂರಿನ್ನೂರು ಇಂಚು ಮಳೆಯಾಗುವ ಕಡಿದಾದ ಗುಡ್ಡದ ನೆತ್ತಿಯಲ್ಲಿ ಗುಂಡಿ ತೋಡಿ ನೀರು ನಿಲ್ಲಿಸುವುದು ಅಂದರೆ ನಾನು ಆಗಲೇ ಹೇಳಿದ ಒತ್ತಡವನ್ನು ನಾವೇ ಏರಿಸುವುದು. ತೋಟದಲ್ಲಿ ಗಿಡಗಳ ಸಾಲಿನ ನಡುವಿನ ತೊಟ್ಟಿಲು ಗುಂಡಿ ಬೇಕು, ಮಣ್ಣು ಕೊಚ್ಚಿಹೋಗದಂತೆ ಅದು ತಡೆಯುತ್ತದೆ. ಆದರೆ ಕಡಿದಾದ ಭಾಗದಲ್ಲಿ, ಮನೆಯ ಮೇಲಿನ ಬರೆಯಲ್ಲಿ, ಹಳೆಯ ಬಿರುಕಿನ ಹತ್ತಿರ ಅದು ಬೇಡ. ಅಲ್ಲಿ ನೀರು ನಿಲ್ಲದೆ ಬೇಗ ಇಳಿದು ತೋಡು ಸೇರುವಂತೆ ಕಪ್ಪು (ಬಸಿಗಾಲುವೆ) ಬಿಡಿಸಿ, ಅಂಚಿಗೆ ಕಲ್ಲು ಕಟ್ಟಿ. ಬಿರುಕು ಕಂಡರೆ ಜೇಡಿಮಣ್ಣು ತುಂಬಿ, ಅದುಮಿ, ಮೇಲೆ ಟಾರ್ಪಲ್ ಹೊದಿಸಿ. ಅದು ದುರಸ್ತಿಯಲ್ಲ. ನೀರು ಒಳಗೆ ಇಳಿಯದ ಹಾಗೆ ತಡೆದು, ನೀವು ಅಲ್ಲಿಂದ ಹೊರಡಲು ಸಮಯ ಕೊಡುತ್ತದೆ, ಅಷ್ಟೇ.

ತಡೆಗೋಡೆ ಕಟ್ಟುವವರಿಗೆ ಒಂದೇ ವಿನಂತಿ. ನೀರು ಬಸಿಯುವ ತೂತು ಬಿಡದೆ ಕಾಂಕ್ರೀಟ್ ಗೋಡೆ ಕಟ್ಟಬೇಡಿ. ಹಿಂದೆ ನಿಂತ ನೀರು ಗೋಡೆಯನ್ನೇ ತಳ್ಳಿಕೊಂಡು ಬರುತ್ತದೆ. ತಂತಿ ಬಲೆಯಲ್ಲಿ ಕಲ್ಲು ತುಂಬಿ ಕಟ್ಟುವ ಗೋಡೆ ನೀರನ್ನು ಬಿಡುತ್ತದೆ, ಮಣ್ಣನ್ನು ಹಿಡಿಯುತ್ತದೆ. ಸಣ್ಣ ಬರೆಗಳಿಗೆ ಲಾವಂಚ ನೆಡಬಹುದು, ಅದರ ಬೇರು ನೇರ ಆಳಕ್ಕಿಳಿಯುತ್ತದೆ. ಇಪ್ಪತ್ತು ಮೂವತ್ತು ಅಡಿ ನೇರ ಕಡಿದ ಬರೆಯನ್ನು ಹುಲ್ಲು ನೆಟ್ಟು ನಿಲ್ಲಿಸುತ್ತೇನೆ ಅಂದರೆ ಮಾತ್ರ ನಂಬಬೇಡಿ.

ಗುಡ್ಡದ ಮೇಲೆ ಜರಿದದ್ದು ಅಲ್ಲಿಗೇ ಮುಗಿಯುವುದಿಲ್ಲ. ಆ ಮಣ್ಣು ಹೊಳೆಗೆ ಬರುತ್ತದೆ. ಹೊಳೆಯ ತಳ ಏರುತ್ತದೆ. ಮರುವರ್ಷ ಅಷ್ಟೇ ಮಳೆಗೆ ನೀರು ಇನ್ನೂ ಮೇಲೆ ಬರುತ್ತದೆ. ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಡದವರಿಗೆ, ಕುಶಾಲನಗರದ ತಗ್ಗು ಬಡಾವಣೆಗಳವರಿಗೆ ಇದು ಗೊತ್ತು. ಕುಶಾಲನಗರದಲ್ಲಿ ಮಳೆ ಕಡಿಮೆ. ಅಲ್ಲಿ ಬಿಸಿಲಿರುವಾಗಲೂ ಭಾಗಮಂಡಲದ ಮಳೆಯಿಂದ ಮನೆಯೊಳಗೆ ನೀರು ನುಗ್ಗಬಹುದು. ಹಿಂದೆ ಹೊಳೆ ಉಕ್ಕಿದರೆ ಗದ್ದೆಗಳಲ್ಲಿ ಹರಡಿ ನಿಲ್ಲುತ್ತಿತ್ತು. ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡಿದ ಮೇಲೆ ಆ ನೀರು ಎಲ್ಲಿ ನಿಲ್ಲಬೇಕು? ಗದ್ದೆ ಮಾಡಿದರೆ ನಷ್ಟ ಅನ್ನುವುದು ನನಗೂ ಗೊತ್ತು. ಕೂಲಿಯವರು ಸಿಗುವುದಿಲ್ಲ, ಆನೆ ಬಿಡುವುದಿಲ್ಲ. ಅದಕ್ಕೇ ಗದ್ದೆಯನ್ನು ಗದ್ದೆಯಾಗಿ ಉಳಿಸಿಕೊಂಡವರಿಗೆ ಸರ್ಕಾರ ವರ್ಷ ವರ್ಷ ಹಣ ಕೊಡಬೇಕು. ಪ್ರವಾಹ ಪರಿಹಾರಕ್ಕೆ ಕೊಡುವುದಕ್ಕಿಂತ ಅದು ಒಳ್ಳೆಯ ಖರ್ಚು.

ಮಳೆ ನಿಂತ ಮೇಲಿನ ಕಷ್ಟದ ಬಗ್ಗೆ ಪೇಪರ್‌ನಲ್ಲಿ ಬರುವುದು ಕಡಿಮೆ. ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಇಲ್ಲಿ ಹಲವರಿಗೆ ನೆಲವೇ ಹೋಯಿತು. ಪಹಣಿಯಲ್ಲಿ ಎರಡು ಎಕರೆ ಇದೆ, ಜಾಗಕ್ಕೆ ಹೋದರೆ ಬಂಡೆ ಕಾಣುತ್ತದೆ. ಹೊಸದಾಗಿ ಕಾಫಿ ನೆಟ್ಟರೆ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು, ಅದೂ ಮಣ್ಣು ಇದ್ದರೆ. ಉಳಿದ ತೋಟದಲ್ಲಿ ಕಾಫಿಗೆ ಕೊಳೆರೋಗ, ಮೆಣಸಿನ ಬಳ್ಳಿಗೆ ಸೊರಗು ರೋಗ. ಜಮ್ಮಾ ಜಾಗ, ಅಂದರೆ ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಮೀನು, ಇನ್ನೂ ತೀರಿಹೋದ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರಿನಲ್ಲೇ ಇದ್ದರೆ, ಅಲ್ಲಿ ದುಡಿಯುತ್ತಿದ್ದ ಮಗನೋ ಮೊಮ್ಮಗನೋ ಪರಿಹಾರದ ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆಯಬೇಕು. ಒಕ್ಕದವರು, ಅಂದರೆ ಇಡೀ ಕುಟುಂಬದವರು, ಕೂತು ದಾಖಲೆ ಸರಿಮಾಡಿಕೊಳ್ಳುವ ಕೆಲಸವನ್ನೂ ನಾನು ಮುನ್ನೆಚ್ಚರಿಕೆ ಅಂತಲೇ ಕರೆಯುತ್ತೇನೆ. ಈ ಬೇಸಿಗೆಯಲ್ಲೇ ಮಾಡಿ.

ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಹೊಸ ಮನೆಗಳಾದವು. ಒಳ್ಳೆಯದೇ ಆಯಿತು. ಸೂರು ಸಿಕ್ಕಿತು. ಆದರೆ ತೋಟ ಒಂದು ಕಡೆ, ಮನೆ ಒಂದು ಕಡೆ ಆದರೆ ಜನ ಮತ್ತೆ ಹಳೆಯ ಮನೆಗೇ ಹೋಗಿ ಉಳಿಯುತ್ತಾರೆ. ಹಸು ಅಲ್ಲಿದೆ, ಮೆಣಸು ಅಲ್ಲಿದೆ, ಆನೆ ಬಂದರೆ ಕಾಯಬೇಕು. ಅವರದು ಹಟವಲ್ಲ, ಬದುಕು. ಮಳೆಗಾಲದ ಎರಡು ತಿಂಗಳಾದರೂ ರಾತ್ರಿ ಅಲ್ಲಿ ಮಲಗದ ಹಾಗೆ ವ್ಯವಸ್ಥೆ ಮಾಡಬೇಕು. ಬೆಳಿಗ್ಗೆ ಹೋಗಿ ಸಂಜೆ ಬರಲು ಬಸ್ ಬೇಕು, ಹಸುವಿಗೆ ಕೊಟ್ಟಿಗೆ ಬೇಕು. ಕಾಳಜಿ ಕೇಂದ್ರದಲ್ಲಿ ಮನುಷ್ಯರಿಗೆ ಚಾಪೆ ಕೊಟ್ಟು ಹಸುವನ್ನು ಮರೆತರೆ ಯಾರೂ ಬರುವುದಿಲ್ಲ.

ಇನ್ನು ಮಳೆ ಪುಸ್ತಕಕ್ಕೆ ಬರುತ್ತೇನೆ. ನಮ್ಮ ಕುಟ್ಟದ ಆಚೆಗೆ ವಯನಾಡು. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಯಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಮುಂಚಿನ 48 ಗಂಟೆಗಳಲ್ಲಿ ಅಲ್ಲಿ 572 ಮಿಲಿಮೀಟರ್ ಮಳೆಯಾಗಿತ್ತು. ನಮ್ಮ ಲೆಕ್ಕದಲ್ಲಿ ಇಪ್ಪತ್ತೆರಡೂವರೆ ಇಂಚು. ಕಲ್ಪೆಟ್ಟದಲ್ಲಿ ಹ್ಯೂಮ್ ಕೇಂದ್ರ ಅಂತ ಒಂದು ಸಂಸ್ಥೆ ಇದೆ. ಜಿಲ್ಲೆಯಲ್ಲೆಲ್ಲ ರೈತರ ಮನೆಗಳಲ್ಲಿ, ತೋಟಗಳಲ್ಲಿ ಸುಮಾರು 200 ಮಳೆ ಮಾಪಕಗಳ ಲೆಕ್ಕವನ್ನು ದಿನಾ ತರಿಸಿಕೊಳ್ಳುತ್ತದೆ. ಹಿಂದಿನ ದಿನವೇ ಅವರು ಅಪಾಯದ ಎಚ್ಚರಿಕೆ ಕೊಟ್ಟಿದ್ದರು. 2020ರಲ್ಲಿ ಅದೇ ಮುಂಡಕ್ಕೈಯಲ್ಲಿ ಕುಸಿತವಾದಾಗ ಜನರನ್ನು ಮೊದಲೇ ಸಾಗಿಸಿದ್ದರಿಂದ ಜೀವ ಉಳಿದಿತ್ತು. 2024ರಲ್ಲಿ ಎಚ್ಚರಿಕೆ ಇತ್ತು, ಆದರೆ ಬಹಳ ಜನ ಮನೆಯಲ್ಲೇ ಇದ್ದರು. ಎರಡೂ ನಮಗೆ ಪಾಠ.

ಅವರು ಹುಡುಕಿ ಹುಡುಕಿ ಮಾಡಿಕೊಂಡ ಜಾಲ ನಮ್ಮಲ್ಲಿ ತಾನಾಗಿಯೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪಂಚಾಯಿತಿ ಮಟ್ಟದಲ್ಲಿ ಮಾಪಕ ಇಟ್ಟಿದ್ದಾರೆ. ಅದು ಬೇಕು. ಆದರೆ ಒಂದು ಗುಡ್ಡದ ಈಚೆ 3 ಇಂಚು, ಆಚೆ 9 ಇಂಚು ಆಗುವ ಊರು ನಮ್ಮದು. ಜಿಲ್ಲೆಗೆ ಒಂದೇ ರೆಡ್ ಅಲರ್ಟ್ ಬಂದರೆ ಯಾವ ಕೊಲ್ಲಿಯವರು (ಕಣಿವೆಯವರು) ಎದ್ದು ಹೊರಡಬೇಕು ಅಂತ ತಿಳಿಯುವುದಿಲ್ಲ. ಅಲರ್ಟ್ ಬಂದು ಏನೂ ಆಗದೆ ನಾಲ್ಕು ಸಲ ಕಳೆದರೆ ಐದನೇ ಸಲ ಯಾರೂ ಕೇಳುವುದಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಮಾಪಕ ಇರುವ ಪ್ರತಿಯೊಬ್ಬರೂ ಬೆಳಿಗ್ಗೆ ಒಂದೇ ಹೊತ್ತಿಗೆ ಓದಿ, ಪಂಚಾಯಿತಿಯ ವಾಟ್ಸಾಪ್ ಗುಂಪಿಗೆ ಮೂರು ಅಂಕಿ ಹಾಕಬೇಕು. ನಿನ್ನೆಯದು, ಮೂರು ದಿನದ್ದು, ಜೂನ್ 1ರಿಂದ ಒಟ್ಟು. ಮಳೆ ಜೋರಾದ ದಿನ ಸಂಜೆಯೂ ಒಮ್ಮೆ ಓದಬೇಕು, ಯಾಕೆಂದರೆ ನಿರ್ಧಾರ ಕತ್ತಲಾಗುವ ಮುಂಚೆ ಆಗಬೇಕು. ನಿಮ್ಮ ಹಳೆಯ ಪುಸ್ತಕಗಳಲ್ಲಿ ಜರಿದ ವರ್ಷ ಯಾವುದು, ಜರಿಯದ ವರ್ಷ ಯಾವುದು ನೋಡಿ. ನಿಮ್ಮ ಗುಡ್ಡಕ್ಕೆ ಎಷ್ಟು ಇಂಚು ದಾಟಿದರೆ ಭಯ ಅನ್ನುವುದು ಅಲ್ಲಿಂದಲೇ ಬರಬೇಕು. ಭೂವಿಜ್ಞಾನ ಗೊತ್ತಿರುವವರನ್ನು ಕೂರಿಸಿಕೊಂಡು ಆ ಗೆರೆ ಎಳೆಯೋಣ. ಪಕ್ಕದ ಊರಿನ ಗೆರೆ ನಮಗೆ ಹೊಂದುವುದಿಲ್ಲ.

ಗೆರೆ ದಾಟಿದ ದಿನ ಯಾರು ಯಾರ ಬಾಗಿಲು ತಟ್ಟಬೇಕು ಅನ್ನುವುದು ಈಗಲೇ ತೀರ್ಮಾನವಾಗಬೇಕು. ಫೋನ್ ನಂಬಬೇಡಿ. ಮಳೆ ಜೋರಾದರೆ ಮೊದಲು ಹೋಗುವುದೇ ಕರೆಂಟ್, ಅದರ ಹಿಂದೆ ಟವರ್. ಮಕ್ಕಳು ಬೆಂಗಳೂರಿನಲ್ಲಿದ್ದು ಒಬ್ಬರೇ ಇರುವ ಅಜ್ಜ ಅಜ್ಜಿಯರ ಮನೆ ಯಾವುದು, ನಡೆಯಲಾಗದವರು ಯಾರು, ಬರೆದಿಡಿ.

ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಗಳ, ಬಗ್ಗೆ ವಿಶೇಷವಾಗಿ ಹೇಳಬೇಕು. ಅಲ್ಲಿ ಇವತ್ತು ಎರವ, ಕುರುಬ ಆದಿವಾಸಿಗಳ ಜೊತೆಗೆ ಅಸ್ಸಾಂನಿಂದ ಬಂದ ಕುಟುಂಬಗಳೂ ಇವೆ. ಅವರಿಗೆ ಈ ಗುಡ್ಡ ಹೊಸದು, ಈ ಮಳೆ ಹೊಸದು. ನಮ್ಮ ಮೈಕಿನ ಕನ್ನಡ ಅರ್ಥವಾಗುವುದಿಲ್ಲ. ತೋಡಿನ ನೀರು ಇಳಿದರೆ ಓಡಬೇಕು ಅಂತ ಅವರಿಗೆ ಹೇಳಿದವರು ಯಾರೂ ಇಲ್ಲ. ತೋಟದ ಮಾಲೀಕರಾದ ನಾವು ಹೇಳಬೇಕು, ಅವರ ಭಾಷೆ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ ಹೇಳಬೇಕು. ಬರೆಯ ಕೆಳಗೆ ಲೈನ್ ಮನೆ ಇದ್ದರೆ ಮಳೆಗಾಲಕ್ಕೆ ಅವರನ್ನು ಕಾಫಿ ಗೋದಾಮಿಗೋ, ಬೇರೆ ಜಾಗಕ್ಕೋ ಕಳಿಸುವ ಹೊಣೆ ಮಾಲೀಕರದೇ.

ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದೇವೆ. ಮಾಪಕ ಇರುವವರು ಹೆಸರು, ತೋಟದ ಜಾಗ, ಎಷ್ಟು ವರ್ಷದ ಪುಸ್ತಕ ಇದೆ ಅಂತ ಬರೆಯಿರಿ. ಅದರ ಪಕ್ಕದ ಕಾಲಮ್ಮಿನಲ್ಲಿ ನಿಮ್ಮ ಬರೆಯ ಕೆಳಗೆ ಎಷ್ಟು ಮನೆಗಳಿವೆ ಅಂತಲೂ ಬರೆಯಿರಿ, ಲೈನ್ ಮನೆಗಳನ್ನು ಸೇರಿಸಿ. ಅದು ಗೊತ್ತಿಲ್ಲದವರು ಖಾಲಿ ಬಿಡಬೇಡಿ. ನಾಳೆ ಎಣಿಸಿ, ಪಂಚಾಯಿತಿಗೆ ಬಂದು ತುಂಬಿಸಿ.